ನಮ್ಮ ಸ್ಟೋರೇಜ್ ಬಾಕ್ಸಿಗೆ ಪ್ರಾಕ್ಸ್‌ಮಾಕ್ಸ್ ಪ್ಲಗಿನ್ ನಾವೇ ಬರೆಯಬಹುದೇ?

ಪ್ರಶ್ನೆ: ನಮ್ಮದು ಉಡುಪಿಯ ಒಂದು ಸಹಕಾರಿ ಸಂಘ. ಒಂದು ಸರ್ವರಿನಲ್ಲಿ ಹಲವು ವಿಎಂ (ವರ್ಚುವಲ್ ಕಂಪ್ಯೂಟರ್) ಓಡಿಸುವ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಹಾಕಿದ ಮೂರು ಸರ್ವರ್‌ಗಳ ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಗುಂಪು) ಉಂಟು. ಮೊದಲು ಇದೇ ಕೆಲಸಕ್ಕೆ ವಿಎಂವೇರ್ ಇದ್ದಾಗ ಕೊಂಡ ಸ್ಟೋರೇಜ್ ಬಾಕ್ಸ್ ಈಗಲೂ ಚೆನ್ನಾಗಿಯೇ ಇದೆ, ಆದರೆ ಪ್ರಾಕ್ಸ್‌ಮಾಕ್ಸ್‌ನ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದಕ್ಕೆ ನಾವೇ ಪ್ಲಗಿನ್ (ಪ್ರಾಕ್ಸ್‌ಮಾಕ್ಸ್‌ಗೆ ಸೇರಿಸುವ ಕಿರು ಪ್ರೋಗ್ರಾಂ) ಬರೆಯಬಹುದೇ? ಎಲ್ಲಿಂದ ಶುರು ಮಾಡಬೇಕು?

ಬರೆಯಬಹುದು. ಪರ್ಲ್ ಭಾಷೆಯ ಒಂದೇ ಒಂದು ಫೈಲು ಸಾಕು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡು, ಮರು ತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತಲ್ಲ, ಅಲ್ಲಿಂದೀಚೆಗೆ ಮಂಗಳೂರು, ಉಡುಪಿ ಕಡೆಯಿಂದ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು, ಪ್ಲಗಿನ್ ನಿಜವಾಗಿ ಬೇಕೇ ನೋಡಿ. ಬಾಕ್ಸು ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲು ಹಂಚುವ ಕ್ರಮ) ಕೊಡುತ್ತದೆ ಎಂದಾದರೆ ಇವತ್ತೇ ಸೇರಿಸಿಬಿಡಿ. ಕ್ಯೂಕೌ2 ಮಾದರಿಯ ಡಿಸ್ಕ್ ಫೈಲುಗಳಲ್ಲಿ ಸ್ನ್ಯಾಪ್‌ಶಾಟ್ (ಬೇಕೆಂದಾಗ ಮರಳಬಹುದಾದ, ಆ ಕ್ಷಣದ ಡಿಸ್ಕಿನ ಸ್ಥಿತಿ) ಕೂಡ ಸಿಗುತ್ತದೆ. ಐಸ್ಕಸಿ (ನೆಟ್‌ವರ್ಕ್ ಮೂಲಕ ಇಡೀ ಡಿಸ್ಕನ್ನೇ ಕೊಡುವ ಕ್ರಮ) ಮಾತ್ರ ಇದ್ದರೆ ಒಂದು ದೊಡ್ಡ ಲನ್ (ಬಾಕ್ಸು ಸರ್ವರ್‌ಗೆ ಡಿಸ್ಕಿನಂತೆ ತೋರಿಸುವ ಭಾಗ) ಮಾಡಿ, ಅದರ ಮೇಲೆ ಎಲ್‌ವಿಎಂ (ಡಿಸ್ಕನ್ನು ಪಾಲು ಮಾಡುವ ಲಿನಕ್ಸ್ ವ್ಯವಸ್ಥೆ) ಹಾಕಿ ಮೂರೂ ಸರ್ವರ್‌ಗಳಿಗೆ ಹಂಚಬಹುದು. ಹಿಂದೆ ಹೀಗೆ ಹಂಚಿದ ಎಲ್‌ವಿಎಂನಲ್ಲಿ ಸ್ನ್ಯಾಪ್‌ಶಾಟ್ ಇರಲಿಲ್ಲ. ಪ್ಲಗಿನ್ ಬೇಕು ಎನ್ನುವವರಲ್ಲಿ ಬಹಳ ಮಂದಿಯ ಕೊರತೆ ಅದೇ ಆಗಿತ್ತು. 2025ರ ಆಗಸ್ಟ್‌ನಲ್ಲಿ ಬಂದ 9.0 ಆವೃತ್ತಿ ಅದನ್ನೂ ಕೊಟ್ಟಿದೆ, ಸದ್ಯಕ್ಕೆ ಪ್ರಾಯೋಗಿಕ ಎಂಬ ಹಣೆಪಟ್ಟಿಯೊಡನೆ. ಇನ್ನು ಉಳಿಯುವುದು, ಪ್ರತಿ ಡಿಸ್ಕಿಗೂ ಬಾಕ್ಸಿನಲ್ಲಿ ಬೇರೆ ಲನ್ ಬೇಕು, ಸ್ನ್ಯಾಪ್‌ಶಾಟ್, ಕ್ಲೋನ್ ಕೆಲಸಗಳನ್ನು ಬಾಕ್ಸೇ ಮಾಡಲಿ ಎನ್ನುವವರು. ನೀವು ಆ ಪೈಕಿಯವರಾದರೆ ಮುಂದೆ ಓದಿ.

ಪ್ಲಗಿನ್ ಬರೆಯುವುದೆಂದರೆ ಡೇಟಾ ಓಡಾಡುವ ದಾರಿಗೆ ಕೈಹಾಕಿದಂತೆ ಎಂದು ಹಲವರು ಹೆದರುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ. ಪಣಂಬೂರಿನ ಬಂದರಿಗೆ ಹಡಗು ಬಂದಾಗ ಪೈಲಟ್ ಹತ್ತಿ ಅದನ್ನು ಧಕ್ಕೆಗೆ ತಂದು ನಿಲ್ಲಿಸುತ್ತಾನೆ. ಸರಕು ಹೊರುವುದು ಅವನ ಕೆಲಸವಲ್ಲ. ಪ್ಲಗಿನ್ನಿನದೂ ಅಷ್ಟೇ ಕೆಲಸ. ಡಿಸ್ಕ್ ಬೇಕೆಂದಾಗ ಬಾಕ್ಸಿನ ಎಪಿಐಗೆ (ಬೇರೆ ಪ್ರೋಗ್ರಾಂಗಳಿಂದ ಆದೇಶ ಪಡೆಯುವ ಕಿಂಡಿಗೆ) ಹೇಳಿ ಲನ್ ಮಾಡಿಸುತ್ತದೆ, ಅದನ್ನು ಸರ್ವರ್‌ಗೆ ಜೋಡಿಸುತ್ತದೆ, ಡಿವೈಸ್ ಇಂಥಲ್ಲಿದೆ ಎಂದು ವಿಎಂಗಳನ್ನು ಓಡಿಸುವ ಕ್ಯೂಎಂಯುಗೆ ವಿಳಾಸ ಕೊಡುತ್ತದೆ. ಆಮೇಲಿನ ಓದುಬರಹವೆಲ್ಲ ಕ್ಯೂಎಂಯು ಮತ್ತು ಲಿನಕ್ಸ್ ಕರ್ನೆಲ್ ನಡುವಿನದು. ಆದ್ದರಿಂದ ನಿಮ್ಮ ಪರ್ಲ್ ನಿಧಾನವಾದರೂ ವಿಎಂ ನಿಧಾನವಾಗುವುದಿಲ್ಲ. ಆದರೆ ವಿಳಾಸ ತಪ್ಪಿ ಕೊಟ್ಟರೆ ಬೇರೆಯವರ ಡಿಸ್ಕಿನ ಮೇಲೆ ಬರೆದುಬಿಡುತ್ತದೆ. ಎಚ್ಚರ ಬೇಕಾದದ್ದು ವೇಗದ ಬಗ್ಗೆ ಅಲ್ಲ, ಸರಿಯಾದ ಉತ್ತರದ ಬಗ್ಗೆ.

ಫೈಲನ್ನು ಇಡಬೇಕಾದ ಜಾಗ /ಯುಎಸ್‌ಆರ್/ಶೇರ್/ಪರ್ಲ್5/ಪಿವಿಇ/ಸ್ಟೋರೇಜ್/ಕಸ್ಟಮ್. ಅದು ಪ್ರಾಕ್ಸ್‌ಮಾಕ್ಸ್‌ನ ಮೂಲ ಪ್ಲಗಿನ್ ಕ್ಲಾಸನ್ನು ಆಧಾರವಾಗಿಟ್ಟುಕೊಂಡಿರಬೇಕು. ಪರ್ಲ್ ಗೊತ್ತಿಲ್ಲದಿದ್ದರೆ ಒಂದು ಮೆಟ್ಟಿಲು ಮೇಲಿನ ಸ್ಟೋರೇಜ್ ಫೋಲ್ಡರಿನಲ್ಲಿರುವ ಎಲ್‌ವಿಎಂ ಪ್ಲಗಿನ್ನನ್ನೇ ಸಾಲು ಸಾಲಾಗಿ ಓದಿ. ನಿಮಗೆ ಬೇಕಾದ ಪರ್ಲ್ ಬಹುಪಾಲು ಅಲ್ಲೇ ಉಂಟು. ಬರೆಯಬೇಕಾದ ಫಂಕ್ಷನ್‌ಗಳು ಇವು: ಲನ್ ಮಾಡಲು ಅಲಾಕ್_ಇಮೇಜ್, ಅಳಿಸಲು ಫ್ರೀ_ಇಮೇಜ್, ಪಟ್ಟಿಗೆ ಲಿಸ್ಟ್_ಇಮೇಜಸ್, ವಿಳಾಸಕ್ಕೆ ಪಾತ್, ಜಾಗದ ಲೆಕ್ಕಕ್ಕೆ ಸ್ಟೇಟಸ್, ಜೋಡಿಸಲು ಮತ್ತು ಬಿಡಿಸಲು ಆ್ಯಕ್ಟಿವೇಟ್, ಡಿಆ್ಯಕ್ಟಿವೇಟ್. ಮೊದಲು ಇಷ್ಟು ಬರೆದು ನಿಲ್ಲಿಸಿ. ಸ್ನ್ಯಾಪ್‌ಶಾಟ್ ಆಮೇಲೆ.

ಶುರುವಿನಲ್ಲೇ ಕಾಡುವ ಒಂದು ಸಂಗತಿ: ಸೆಟ್ಟಿಂಗ್‌ಗಳ ಹೆಸರು ಎಲ್ಲ ಪ್ಲಗಿನ್‌ಗಳಿಗೂ ಸೇರಿ ಒಂದೇ ಪಟ್ಟಿ. 'ಸರ್ವರ್' ಎಂಬ ಹೆಸರನ್ನು ಎನ್‌ಎಫ್‌ಎಸ್ ಪ್ಲಗಿನ್ ಆಗಲೇ ಘೋಷಿಸಿದೆ. ನೀವು ಮತ್ತೆ ಘೋಷಿಸಿದರೆ ಸ್ಟೋರೇಜ್ ವ್ಯವಸ್ಥೆ ಪೂರ್ತಿ ತಪ್ಪು ತೋರಿಸಿ ನಿಲ್ಲುತ್ತದೆ. ಇರುವ ಹೆಸರನ್ನು ಬಳಸುವುದಾದರೆ ನಿಮ್ಮ ಪ್ಲಗಿನ್ನಿನ ಆಪ್ಷನ್ಸ್ ಪಟ್ಟಿಯಲ್ಲಿ ಸೇರಿಸಿದರೆ ಸಾಕು. ಹೊಸದಕ್ಕೆ ನಿಮ್ಮದೇ ಮುನ್ಪ್ರತ್ಯಯ ಹಚ್ಚಿ. ಪಾಸ್‌ವರ್ಡನ್ನು ಮಾತ್ರ ಸೆಟ್ಟಿಂಗ್‌ಗಳ ಫೈಲಾದ ಸ್ಟೋರೇಜ್.ಸಿಎಫ್‌ಜಿಯಲ್ಲಿ ಬರೆಯಬೇಡಿ. ಅದನ್ನು ಗುಟ್ಟಿನ ಸೆಟ್ಟಿಂಗ್ ಎಂದು ಗುರುತಿಸಿ, ರೂಟ್ ಮಾತ್ರ ಓದಬಲ್ಲ ಪ್ರೈವ್ ಫೋಲ್ಡರಿಗೆ ಸೇರಿಸುವ ಕ್ರಮವಿದೆ. ಅಳತೆಯೂ ಒಂದೇ ರೀತಿ ಇಲ್ಲ: ಅಲಾಕ್_ಇಮೇಜ್‌ಗೆ ಗಾತ್ರ ಬರುವುದು ಕಿಲೋಬೈಟ್‌ನಲ್ಲಿ, ದೊಡ್ಡದು ಮಾಡುವ ರಿಸೈಜ್‌ಗೆ ಬೈಟ್‌ನಲ್ಲಿ.

ನನ್ನ ಮಟ್ಟಿಗೆ ಇಡೀ ಪ್ಲಗಿನ್ನಿನಲ್ಲಿ ಅತಿ ಮುಖ್ಯವಾದದ್ದು ನಾಲ್ಕು ಸಂಖ್ಯೆ ಹಿಂದಿರುಗಿಸುವ ಸ್ಟೇಟಸ್: ಒಟ್ಟು, ಖಾಲಿ, ಬಳಸಿದ್ದು, ಚಾಲೂ ಇದೆಯೇ ಇಲ್ಲವೇ. ಪಿವಿಇಸ್ಟ್ಯಾಟ್‌ಡಿ ಎಂಬ ಸೇವೆ ಸುಮಾರು 10 ಸೆಕೆಂಡಿಗೊಮ್ಮೆ ಎಲ್ಲ ಸ್ಟೋರೇಜ್‌ಗಳನ್ನೂ ಒಂದಾದ ಮೇಲೊಂದರಂತೆ ವಿಚಾರಿಸುತ್ತದೆ. ಜೂನ್ ತಿಂಗಳ ಸಿಡಿಲಿಗೆ ಸ್ಟೋರೇಜ್ ಕಡೆಯ ಸ್ವಿಚ್ ಹೋಯಿತು ಎಂದಿಟ್ಟುಕೊಳ್ಳಿ. ನಿಮ್ಮ ಕೋಡು ಬಾಕ್ಸಿನ ಉತ್ತರಕ್ಕಾಗಿ ಎರಡು ನಿಮಿಷ ಕಾಯುತ್ತ ಕೂತರೆ ಹಿಂದಿನ ಸರದಿಯೆಲ್ಲ ನಿಲ್ಲುತ್ತದೆ. ಪರದೆಯ ಮೇಲೆ ಆ ಸರ್ವರಿನ ಎಲ್ಲ ವಿಎಂಗಳ ಪಕ್ಕ ಬೂದು ಬಣ್ಣದ ಪ್ರಶ್ನಾರ್ಥಕ ಚಿಹ್ನೆ. ಲೋಕಲ್ ಡಿಸ್ಕಿನಲ್ಲಿ ಆರಾಮಾಗಿ ಓಡುತ್ತಿರುವ ವಿಎಂ ಕೂಡ ಸತ್ತಂತೆ ಕಾಣುತ್ತದೆ. ನೋಡಿದವರು ಗಾಬರಿಯಲ್ಲಿ ಸರ್ವರ್ ರೀಬೂಟ್ ಮಾಡಿದರೆ ನಷ್ಟ ಆಗುವುದು ಆಗ. ಎಪಿಐ ಕರೆಗೆ ಎರಡು ಮೂರು ಸೆಕೆಂಡಿನ ಟೈಮ್‌ಔಟ್ ಇಡಿ; ಉತ್ತರ ಬಾರದಿದ್ದರೆ 'ಚಾಲೂ ಇಲ್ಲ' ಎಂದು ಹೇಳಿ ದಾರಿ ಬಿಡಿ. ಲಾಗಿನ್ ಟೋಕನನ್ನು ಪ್ರತಿ ಸಲ ಹೊಸದಾಗಿ ಕೇಳಬೇಡಿ. ಮೂರು ಸರ್ವರ್ ಸೇರಿ ದಿನವಿಡೀ ಕೇಳಿದರೆ ಬಾಕ್ಸಿನ ಸೆಷನ್ ಮಿತಿ ತುಂಬಬಹುದು.

ಎರಡನೆಯ ಕಷ್ಟದ ಜಾಗ ಲೈವ್ ಮೈಗ್ರೇಶನ್. ವಿಎಂ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ವಲ್ಪ ಹೊತ್ತು ಲನ್ ಎರಡೂ ಕಡೆ ಜೋಡಿಸಿಕೊಂಡಿರುತ್ತದೆ. ಹೊಸ ಕಡೆ ಜೋಡಿಸುವಾಗ ಹಳೆಯ ಕಡೆಯದನ್ನು ಕಿತ್ತುಹಾಕುವ ಕೋಡು ಬರೆದರೆ ಓಡುತ್ತಿರುವ ವಿಎಂ ಕಾಲಡಿಯ ಡಿಸ್ಕೇ ಮಾಯ. ವಿಳಾಸವನ್ನು ಲಿನಕ್ಸ್ ಡಿಸ್ಕುಗಳಿಗೆ ಇಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳಿಂದ ಕೊಡಲೇಬೇಡಿ. ಒಂದೇ ಲನ್ ಒಂದು ಸರ್ವರಿನಲ್ಲಿ ಎಸ್‌ಡಿಬಿ, ಇನ್ನೊಂದರಲ್ಲಿ ಎಸ್‌ಡಿಎಫ್ ಆಗಿರುತ್ತದೆ. ಎಲ್ಲ ಸರ್ವರಿನಲ್ಲೂ ಒಂದೇ ಆಗಿರುವ ಡಬ್ಲ್ಯುಡಬ್ಲ್ಯುಎನ್ ಗುರುತಿನಿಂದಲೇ ಹುಡುಕಿ.

ಅಳಿಸುವಾಗ ಕ್ರಮ ಮುಖ್ಯ. ಮೊದಲು ಮಲ್ಟಿಪಾತ್ ನಕ್ಷೆ (ಒಂದೇ ಲನ್‌ಗೆ ಇರುವ ಹಲವು ದಾರಿಗಳನ್ನು ಒಂದಾಗಿ ತೋರಿಸುವುದು), ಆಮೇಲೆ ಅದರ ಕೆಳಗಿನ ಸ್ಕಸಿ ಡಿವೈಸ್‌ಗಳು, ಕೊನೆಗೆ ಬಾಕ್ಸಿನಲ್ಲಿರುವ ಲನ್. ತಿರುಗಾಮುರುಗಾ ಆದರೆ ಸರ್ವರಿನಲ್ಲಿ ಸತ್ತ ಡಿವೈಸ್‌ಗಳು ಉಳಿಯುತ್ತವೆ. ಬಾಕ್ಸು ಅದೇ ಲನ್ ನಂಬರನ್ನು ಹೊಸ ಡಿಸ್ಕಿಗೆ ಕೊಟ್ಟ ದಿನ ಗೊಂದಲ ಗ್ಯಾರಂಟಿ. ಹಂಚಿದ ಸ್ಟೋರೇಜ್‌ನಲ್ಲಿ ಈ ಕೆಲಸಗಳು ಕ್ಲಸ್ಟರ್ ಲಾಕ್ (ಒಂದು ಸಲಕ್ಕೆ ಒಂದೇ ಸರ್ವರ್ ಎಂಬ ಬೀಗ) ಹಿಡಿದು ನಡೆಯುತ್ತವೆ, ಅದರ ಅವಧಿ 60 ಸೆಕೆಂಡು. ಡಿಸ್ಕಿಗೆಲ್ಲ ಸೊನ್ನೆ ಬರೆದು ಅಳಿಸುವಂಥ ದೀರ್ಘ ಕೆಲಸವಿದ್ದರೆ ಫ್ರೀ_ಇಮೇಜ್ ಒಂದು ಫಂಕ್ಷನ್ನನ್ನು ಹಿಂದಿರುಗಿಸಲಿ. ಪ್ರಾಕ್ಸ್‌ಮಾಕ್ಸ್ ಅದನ್ನು ಲಾಕಿನ ಹೊರಗೆ ಬೇರೆ ಟಾಸ್ಕ್ ಆಗಿ ಓಡಿಸುತ್ತದೆ.

ಹೆಸರಿನ ವಿಷಯ. ಡಿಸ್ಕುಗಳ ಹೆಸರು ವಿಎಂ-100-ಡಿಸ್ಕ್-0 ಎಂಬ ಮಾದರಿಯದು. 100ನೇ ವಿಎಂ ನಿಮ್ಮ ಕ್ಲಸ್ಟರಿನಲ್ಲಿ ಒಂದೇ, ಆದರೆ ಅದೇ ಬಾಕ್ಸನ್ನು ಇನ್ನೊಂದು ಕ್ಲಸ್ಟರ್ ಬಳಸಿದರೆ ಅಲ್ಲೂ ಒಂದು 100 ಇರುತ್ತದೆ. ಬಾಕ್ಸಿನಲ್ಲಿ ಇಡುವ ಹೆಸರಿಗೆ ಕ್ಲಸ್ಟರಿನ ಗುರುತು ಮೊದಲ ದಿನವೇ ಸೇರಿಸಿ, ಪಟ್ಟಿ ಮಾಡುವಾಗ ಆ ಗುರುತು ಇರುವವನ್ನಷ್ಟೇ ತೋರಿಸಿ.

ಪರೀಕ್ಷೆಗೆ ಪಿವಿಇಎಸ್‌ಎಂ ಆದೇಶ ಇದೆ: ಆ್ಯಡ್, ಸ್ಟೇಟಸ್, ಅಲಾಕ್, ಲಿಸ್ಟ್, ಫ್ರೀ. ವೆಬ್ ಪರದೆಯ 'ಸೇರಿಸು' ಪಟ್ಟಿಯಲ್ಲಿ ನಿಮ್ಮ ಪ್ಲಗಿನ್ ಕಾಣದಿದ್ದರೆ ಗಾಬರಿ ಬೇಡ, ಆದೇಶದಿಂದ ಸೇರಿಸಿ. ಫೈಲು ಬದಲಿಸಿದಾಗಲೆಲ್ಲ ಪಿವಿಇಡೀಮನ್, ಪಿವಿಇಪ್ರಾಕ್ಸಿ, ಪಿವಿಇಸ್ಟ್ಯಾಟ್‌ಡಿ ಮೂರನ್ನೂ ರೀಸ್ಟಾರ್ಟ್ ಮಾಡಬೇಕು, ಇಲ್ಲವಾದರೆ ಹಳೆಯ ಕೋಡೇ ಓಡುತ್ತಿರುತ್ತದೆ. ಯುಇಎಫ್‌ಐ (ಹಳೆಯ ಬಯೋಸ್‌ನ ಬದಲಿಗೆ ಬಂದದ್ದು) ಬಳಸುವ ವಿಎಂ ಒಂದನ್ನು ಖಂಡಿತ ಮಾಡಿ ನೋಡಿ: ಬೂಟ್ ಸೆಟ್ಟಿಂಗ್ ಇಡುವ ಅದರ ಇಎಫ್‌ಐ ಡಿಸ್ಕ್ ಬರೀ 528 ಕಿಲೋಬೈಟ್. ಒಂದು ಜಿಬಿಗಿಂತ ಚಿಕ್ಕ ಲನ್ ಕೊಡದ ಬಾಕ್ಸುಗಳಲ್ಲಿ ಪ್ಲಗಿನ್‌ಗಳು ಎಡವುವುದು ಇಲ್ಲೇ. ಕೆಲಸ ನಡೆಯುತ್ತಿರುವಾಗ ಕೇಬಲ್ ಕಿತ್ತು ನೋಡುವುದನ್ನೂ ಬಿಡಬೇಡಿ.

ಇದನ್ನು ಸುರತ್ಕಲ್, ನಿಟ್ಟೆ, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ತೆಗೆದುಕೊಂಡರೆ ಎಷ್ಟು ಚೆನ್ನ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. ಪ್ರಾಕ್ಸ್‌ಮಾಕ್ಸ್ ಎಜಿಪಿಎಲ್ ಲೈಸೆನ್ಸಿನದು, ಕೋಡೆಲ್ಲ ತೆರೆದೇ ಇದೆ, ಊರಿನ ಒಂದು ಸಂಸ್ಥೆಗೆ ನೇರ ಉಪಯೋಗವೂ ಆಗುತ್ತದೆ.

ಬರೆದ ಮೇಲೆ ನೋಡಿಕೊಳ್ಳುವ ಕೆಲಸ ಉಂಟು. ಪ್ಲಗಿನ್ ತಾನು ಪ್ರಾಕ್ಸ್‌ಮಾಕ್ಸ್‌ನ ಯಾವ ಎಪಿಐ ಆವೃತ್ತಿಗೆ ಬರೆದದ್ದು ಎಂದು ಹೇಳಬೇಕು. ಪ್ರಾಕ್ಸ್‌ಮಾಕ್ಸ್ ಸ್ವಲ್ಪ ಮುಂದೆ ಹೋಗಿದ್ದರೆ ಎಚ್ಚರಿಕೆ ಕೊಟ್ಟು ಬಳಸುತ್ತದೆ. ಪ್ಲಗಿನ್ ಬಹಳ ಹಳೆಯದಾದರೆ ಲೋಡ್ ಮಾಡುವುದೇ ಇಲ್ಲ. ಆದ್ದರಿಂದ ದೊಡ್ಡ ಅಪ್‌ಗ್ರೇಡ್‌ಗೆ ಮುಂಚೆ ಪರೀಕ್ಷೆಯ ಸರ್ವರಿನಲ್ಲಿ ಓಡಿಸಿ ನೋಡಿ. ಫೈಲನ್ನು ಕೈಯಲ್ಲಿ ನಕಲು ಮಾಡುವ ಬದಲು ಡೆಬ್ ಪ್ಯಾಕೇಜ್ ಮಾಡಿ ಮೂರೂ ಸರ್ವರ್‌ಗಳಿಗೆ ಹಾಕಿ, ಸ್ಟೋರೇಜ್ ಸೇರಿಸುವುದು ಅದಾದ ಮೇಲೆ. ಸ್ಟೋರೇಜ್.ಸಿಎಫ್‌ಜಿ ಇಡೀ ಕ್ಲಸ್ಟರಿಗೆ ಒಂದೇ. ಪ್ಲಗಿನ್ ಇಲ್ಲದ ಸರ್ವರಿಗೆ ನಿಮ್ಮ ಸಾಲು ಅರ್ಥವೇ ಆಗುವುದಿಲ್ಲ. ನಾಳೆ ನಾಲ್ಕನೆಯ ಸರ್ವರ್ ಸೇರಿಸಿದರೂ ಇದೇ ಕ್ರಮ: ಮೊದಲು ಪ್ಯಾಕೇಜ್, ಆಮೇಲೆ ಕ್ಲಸ್ಟರಿಗೆ ಸೇರ್ಪಡೆ.