ಸ್ಟೀರಿಂಗ್ ಹಿಂದೆ ನಿಂತ ಹೃದಯ: ಕಾನೂನಿನ ಕಣ್ಣಲ್ಲಿ ಅದು ಅಪಘಾತವೇ?

ಲಾರಿ ಡ್ರೈವರ್ ಒಬ್ಬರು ದೆಹಲಿಯಿಂದ ಜಾರ್ಖಂಡ್‌ನ ನಿಮಿಯಾಘಾಟ್ ಕಡೆಗೆ ಹೊರಟಿದ್ದರು. 1,152 ಕಿಲೋಮೀಟರ್ ದಾರಿ. ಇನ್ನೇನು ಊರು ಬಂತು ಅನ್ನುವಾಗ ಮೈ ಯಾಕೋ ಸರಿಯಿಲ್ಲ ಅನ್ನಿಸಿತು. ಹೋಟೆಲೊಂದರ ಹತ್ತಿರ ಲಾರಿಯನ್ನು ಪಕ್ಕಕ್ಕೆ ಹಾಕಿದರು. ಪ್ರಜ್ಞೆ ತಪ್ಪಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಲಾರಿ ಯಾವುದಕ್ಕೂ ಗುದ್ದಿರಲಿಲ್ಲ. ಹಾಗಿದ್ದಮೇಲೆ ಇದು ಅಪಘಾತ ಹೇಗಾಗುತ್ತದೆ? ಪರಿಹಾರದ ಜಗಳವೆಲ್ಲ ಈ ಒಂದು ಪದದ ಮೇಲೆ ನಿಂತಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕೇಳುತ್ತಿದ್ದುದು ಇಷ್ಟೇ: ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತ ಆಯಿತೇ?

ಈ ಮಾತು ಬಂದಿದ್ದು ಬ್ರಿಟನ್ನಿನ 1897ರ ಕಾಯ್ದೆಯಿಂದ. ಅಲ್ಲೂ ಇದೇ ತಕರಾರು ಎದ್ದಿತ್ತು. 1910ರಲ್ಲಿ ಒಬ್ಬ ಕೆಲಸಗಾರನ ಪ್ರಕರಣ ಅಲ್ಲಿನ ಅತ್ಯುನ್ನತ ನ್ಯಾಯಪೀಠಕ್ಕೆ ಹೋಯಿತು. ಅವನು ಸ್ಪ್ಯಾನರ್ ಹಿಡಿದು ನಟ್ ಬಿಗಿ ಮಾಡುತ್ತಿದ್ದ, ಅಷ್ಟೇ. ರಕ್ತನಾಳ ಒಡೆದು ಸತ್ತ. ಆ ನಾಳ ಮೊದಲೇ ಉಬ್ಬಿ ಎಷ್ಟು ಕೆಟ್ಟಿತ್ತೆಂದರೆ, ನಿದ್ದೆಯಲ್ಲಿದ್ದಾಗಲೂ ಒಡೆಯಬಹುದಿತ್ತು. ಆದರೂ ನ್ಯಾಯಾಧೀಶರಲ್ಲಿ ಹೆಚ್ಚಿನವರು ಅದನ್ನು ಅಪಘಾತ ಅಂದರು. ಕಾಯಿಲೆ ಇದ್ದ ಮಾತ್ರಕ್ಕೆ ಪರಿಹಾರ ತಪ್ಪಿಸುವ ಹಾಗಿಲ್ಲ ಎಂಬುದು ಆಗಲೇ ತೀರ್ಮಾನವಾಗಿತ್ತು.

ನಮ್ಮಲ್ಲಿ ದಾರಿ ಅಷ್ಟು ನೇರವಾಗಿ ಸಾಗಲಿಲ್ಲ. 2006ರಲ್ಲಿ ಹೃದಯದ ತೊಂದರೆಯಿಂದ ಸತ್ತ ನೆಲ್ಲೂರಿನ ಒಬ್ಬ ಕೆಲಸಗಾರನ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಸ್ವಿಚ್ ಹಾಕಿ ತೆಗೆಯುವ ಕೆಲಸದಲ್ಲಿ ಒತ್ತಡ ಎಲ್ಲಿದೆ ಎಂದು ಕೋರ್ಟ್ ಪರಿಹಾರ ನಿರಾಕರಿಸಿತು. 2007ರಲ್ಲಿ ಲಾರಿ ಕ್ಲೀನರ್ ಒಬ್ಬನ ತಾಯಿಗೂ ಅದೇ ಉತ್ತರ: ಹೃದಯಾಘಾತ ಆದ ಮಾತ್ರಕ್ಕೆ ಅದು ಅಪಘಾತವಲ್ಲ, ಕೆಲಸದ ಒತ್ತಡವನ್ನು ಸಾಬೀತು ಮಾಡಬೇಕು. ಕ್ಲೀನರ್ ಕೆಲಸ ಸುಮ್ನೆ ಕೂತು ಹೋಗುವ ಕೆಲಸವೇ? ರಾತ್ರಿಯಿಡೀ ಅವನು ನಿದ್ದೆಗೆಟ್ಟು ಕೂತಿರುವುದನ್ನು ಕಂಡವರು ಹಾಗೆ ಹೇಳಲಾರರು.

2012ರ ಕೊನೆಗೆ ಬಂದ ನಿಮಿಯಾಘಾಟ್ ಡ್ರೈವರ್ ತೀರ್ಪು ಬೇರೆ ದಾರಿ ಹಿಡಿಯಿತು. ಅಷ್ಟು ದೂರ ಗಾಡಿ ಓಡಿಸುವ ಕೆಲಸದ ಒತ್ತಡವೇ ಸಾವಿಗೆ ದೂಡಿತು ಎಂದು ಸುಪ್ರೀಂ ಕೋರ್ಟ್ ಒಪ್ಪಿ, ಪರಿಹಾರ ಕೊಡಿಸಿತು.

ಸೀಸದ ವಿಷ, ಕೆಜಿಎಫ್ ಗಣಿ ಕಾರ್ಮಿಕರ ಎದೆ ತಿಂದ ಸಿಲಿಕೋಸಿಸ್‌ನಂಥ ರೋಗಗಳಿಗೆ ಕಾನೂನಿನಲ್ಲೇ ಪಟ್ಟಿ ಇದೆ. ಪಟ್ಟಿಯ ಕೆಲಸ, ಪಟ್ಟಿಯ ರೋಗ ಎರಡೂ ಕೂಡಿದರೆ ಕಾನೂನು ಕಾರ್ಮಿಕನ ಪರವಾಗಿಯೇ ನೋಡುತ್ತದೆ. ಮನಸ್ಸಿನ ಒತ್ತಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸಾಬೀತು ಮಾಡುವ ಹೊರೆ ಮನೆಯವರ ತಲೆಗೆ. ಬೇಕಾದ ಟ್ರಿಪ್ ಶೀಟ್, ಹಾಜರಿ ಪುಸ್ತಕ ಇರುವುದು ಮಾಲೀಕನ ಆಫೀಸಿನಲ್ಲಿ. ಇದು ಅನ್ಯಾಯ ಅಲ್ವಾ?

1923ರ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಸೇರಿಸಿಕೊಂಡಿದೆ. ಒತ್ತಡದ ಬಗ್ಗೆ ಮಾತ್ರ ಹಳೇ ಪದಗಳೇ ಉಳಿದಿವೆ. ಅರ್ಜಿ ಹಾಕಲು ಎರಡು ವರ್ಷದ ಗಡುವು. ಅಷ್ಟರೊಳಗೆ ಮನೆಯವರು ಟೋಲ್ ಚೀಟಿ, ಡೀಸೆಲ್ ಬಿಲ್, ಕೊನೇ ರಾತ್ರಿಯ ಫೋನ್ ಕರೆಗಳನ್ನು ಹುಡುಕಿ ಜೋಡಿಸಬೇಕು.