ಸಿಗಡಿ ಪಾಸ್ತಾ ಮಾಡಿದಾಗಲೆಲ್ಲ ತಟ್ಟೆಯಲ್ಲಿ ನೀರು ನಿಲ್ಲುವುದು ಯಾಕೆ?

ಪ್ರಶ್ನೆ: ಆಫೀಸಿನಿಂದ ಬಂದ ಮೇಲೆ ಅರ್ಧ ಗಂಟೆಯಲ್ಲಿ ಆಗುತ್ತೆ ಅಂತ ಆಗಾಗ ಸಿಗಡಿ ಪಾಸ್ತಾ ಮಾಡ್ತೀನಿ. ಪ್ರತಿ ಸಲ ಸಿಗಡಿ ರಬ್ಬರ್ ಥರ ಆಗುತ್ತೆ. ಸಾಸ್ ಪಾಸ್ತಾಗೆ ಹಿಡಿಯಲ್ಲ, ತಟ್ಟೆಯ ತಳದಲ್ಲಿ ನೀರಾಗಿ ನಿಲ್ಲುತ್ತೆ. ಕ್ರೀಮು, ಚೀಸು ಹಾಕಿದರೆ ಗಟ್ಟಿಯಾಗುತ್ತೆ ನಿಜ, ಆದರೆ ಆಗ ಸಿಗಡಿ ರುಚಿಯೇ ಇರಲ್ಲ. ಎಲ್ಲಿ ತಪ್ತಾ ಇದೀನಿ?

ಉತ್ತರ: ನೀವು ಹೇಳಿರುವುದು ಎರಡು ತೊಂದರೆ ಅಲ್ಲ, ಒಂದೇ. ಸಾಸ್ ಕುದಿಯುವಾಗ ಸಿಗಡಿಯೂ ಅದರೊಳಗೇ ಇರುತ್ತದೆ, ಅಲ್ವಾ? ಬಿಸಿ ಹೆಚ್ಚಾದಂತೆ ಸಿಗಡಿ ಬಿಗಿಯಾಗಿ ತನ್ನೊಳಗಿನ ನೀರನ್ನು ಹೊರಗೆ ಹಿಂಡುತ್ತದೆ. ಆ ನೀರು ಸಾಸಿಗೆ ಸೇರುತ್ತದೆ. ಸಾಸ್ ತೆಳ್ಳಗಾಯಿತು ಅಂತ ನೀವು ಇನ್ನೂ ಐದು ನಿಮಿಷ ಕುದಿಸುತ್ತೀರಿ. ಸಿಗಡಿ ಇನ್ನಷ್ಟು ಬಿಗಿಯಾಗುತ್ತದೆ, ಇನ್ನಷ್ಟು ನೀರು ಬಿಡುತ್ತದೆ. ಅಷ್ಟರಲ್ಲಿ ಸಾಸನ್ನು ನಿಜವಾಗಿ ಗಟ್ಟಿ ಮಾಡಬೇಕಿದ್ದ ಪದಾರ್ಥ ಸಿಂಕಿನಲ್ಲಿ ಹರಿದು ಹೋಗಿರುತ್ತದೆ. ಅದು ಪಾಸ್ತಾ ಬೆಂದ ನೀರು.

ಬಸ್ಸಾರು ಮಾಡುವ ಮನೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ, ಸಾರಿನ ಜೀವವೇ ಅದು. ಪಾಸ್ತಾದಲ್ಲೂ ಹಾಗೇ. ಬೇಯುವಾಗ ಅದರ ಗಂಜಿ ನೀರಿಗೆ ಇಳಿಯುತ್ತದೆ. ಎಣ್ಣೆಯೂ ನೀರೂ ತಾವಾಗಿ ಬೆರೆಯುವುದಿಲ್ಲ. ಆದರೆ ಈ ಗಂಜಿ ನೀರನ್ನು ಬಿಸಿ ಬಾಣಲೆಗೆ ಹಾಕಿ ಜೋರಾಗಿ ಕದಡಿದರೆ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಒಡೆದು ಅದರಲ್ಲಿ ನಿಲ್ಲುತ್ತದೆ. ಬಾಣಲೆಯಲ್ಲಿ ಹಾಲಿನ ಹಾಗೆ ಬೆಳ್ಳಗಾಗುವುದು ಕಣ್ಣಿಗೇ ಕಾಣುತ್ತದೆ. ಕ್ರೀಮು ಮಾಡುವ ಕೆಲಸವನ್ನು ಇದು ಮಾಡುತ್ತದೆ, ರುಚಿಯನ್ನು ಮಾತ್ರ ಮುಚ್ಚುವುದಿಲ್ಲ.

ಇಟಲಿಯವರ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಮನೆಯಲ್ಲಿ ಇಬ್ಬರಿಗೆ 200 ಗ್ರಾಂ ಬೇಯಿಸುವಾಗ ನಾನು ಒಂದೂವರೆ ಲೀಟರ್ ನೀರಷ್ಟೇ ಇಡುತ್ತೇನೆ. ನೀರು ಕಡಿಮೆಯಾದಷ್ಟೂ ಗಂಜಿ ಗಟ್ಟಿ ಇರುತ್ತದೆ. ಉಪ್ಪು ಎರಡು ಚಮಚ, ಅದೂ ಟೀ ಚಮಚ. ಸಿಗಡಿಯಲ್ಲೂ ಉಪ್ಪಿನ ಅಂಶ ಇರುವುದರಿಂದ ಅಷ್ಟು ಸಾಕು. ನೀರಿಗೆ ಎಣ್ಣೆ ಹಾಕಬೇಡಿ. ಬಸಿದ ಮೇಲೆ ತಣ್ಣೀರಲ್ಲಿ ತೊಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಸಾಸ್ ಹಿಡಿದುಕೊಳ್ಳಲು ಪಾಸ್ತಾದ ಮೈಮೇಲೆ ಅಂಟು ಬೇಕು, ತೊಳೆದರೆ ಹೋಗುವುದು ಅದೇ.

ಇಷ್ಟು ಮಾಡಿದರೂ ಸಾಸ್ ಜಾರುತ್ತಿದ್ದರೆ ಪ್ಯಾಕೆಟ್ಟಿನ ಹಿಂದೆ ಓದಿ. ಡ್ಯೂರಮ್ ಗೋಧಿಯ ರವೆ ಅಂತ ಇರಬೇಕು, ಮೈದಾ ಅಲ್ಲ. ಇಟಲಿಯಲ್ಲಂತೂ ಒಣ ಪಾಸ್ತಾವನ್ನು ಡ್ಯೂರಮ್ ರವೆಯಲ್ಲೇ ಮಾಡಬೇಕು ಅಂತ 1967ರಿಂದ ಕಾನೂನೇ ಇದೆ. ನಮಗೂ ಇದು ಹೊಸ ಗೋಧಿ ಅಲ್ಲ, ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಡ್ಯೂರಮ್ಮಿನದೇ. ಬೆಂದರೂ ಬಿಡಿಬಿಡಿಯಾಗಿ ನಿಲ್ಲುವ ಗುಣ ಅದಕ್ಕೆ ಅಲ್ಲಿಂದಲೇ ಬಂದದ್ದು. ಇನ್ನೊಂದು ವಿಷಯ, ಹಿಟ್ಟನ್ನು ಒತ್ತುವ ಅಚ್ಚು. ಶ್ಯಾವಿಗೆ ಒರಳಿನ ಬಿಲ್ಲೆ ಇರುತ್ತದಲ್ಲ, ಹಾಗೆ. ಕಂಚಿನ ಅಚ್ಚಿನಿಂದ ಬಂದ ಪಾಸ್ತಾ ಮುಟ್ಟಿದರೆ ತರಿತರಿ, ಮೇಲೆ ಹಿಟ್ಟು ಉದುರಿಸಿದಂತೆ ಬೆಳ್ಳಗೆ ಕಾಣುತ್ತದೆ. ಟೆಫ್ಲಾನ್ ಅಚ್ಚಿನದು ನುಣ್ಣಗೆ ಹೊಳೆಯುತ್ತದೆ. ಸಾಸ್ ಹಿಡಿಯುವುದು ತರಿ ಇರುವುದಕ್ಕೇ. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರಿನ ಪಾಸ್ತಾಗೆ ಹೆಸರು ಬಂದದ್ದು ಈ ಕಂಚಿನ ಅಚ್ಚು ಮತ್ತು ನಿಧಾನವಾಗಿ ಒಣಗಿಸುವ ರೀತಿಯಿಂದ. ಬೆಲೆ ಜಾಸ್ತಿ, ಹಾಗಾಗಿ ಅದೇ ಬೇಕು ಅಂತೇನೂ ಇಲ್ಲ. ಡ್ಯೂರಮ್ ಆಗಿದ್ದರೆ ಸಾಕು.

ಈಗ ಸಿಗಡಿಗೆ ಬರೋಣ. ಕುಂದಾಪುರದವರು ಚಟ್ಲಿ ಅನ್ನುತ್ತಾರೆ, ತುಳುವಿನಲ್ಲಿ ಎಟ್ಟಿ. ಅಂಗಡಿಯವರು ಕ್ಲೀನ್ ಮಾಡಿಕೊಡುತ್ತಾರೆ ಅಂತ ಖುಷಿಯಿಂದ ಬರೀ ಮಾಂಸ ತರುತ್ತೀರಿ. ನನಗೆ ಬೇಜಾರಾಗುವುದು ಅಲ್ಲೇ. ಸಿಗಡಿಯ ರುಚಿಯ ಬಹುಪಾಲು ತಲೆಯಲ್ಲಿ, ಸಿಪ್ಪೆಯಲ್ಲಿ ಇದೆ. ಅದನ್ನು ತೊಟ್ಟಿಗೆ ಹಾಕಿ, ಆಮೇಲೆ ರುಚಿ ಸಾಲದು ಅಂತ ಚೀಸ್ ತುರಿಯುತ್ತೇವೆ. ಮುಂದಿನ ಸಲ "ತಲೆ, ಸಿಪ್ಪೆ ಬೇರೆ ಕವರಿಗೆ ಹಾಕಿಕೊಡಿ" ಅಂತ ಹೇಳಿ. ದುಡ್ಡು ಕೊಟ್ಟೇ ಇರುತ್ತೀರಿ.

ಇಬ್ಬರಿಗೆ 400 ಗ್ರಾಂ ಇಡೀ ಸಿಗಡಿ ಬೇಕಾಗುತ್ತದೆ. ಸುಲಿದು, ಬೆನ್ನಿನ ಕಪ್ಪು ದಾರ ತೆಗೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಚಿಟಿಕೆ ಉಪ್ಪು ಸವರಿ ಫ್ರಿಜ್ಜಿನಲ್ಲಿಡಿ. ಪಾಸ್ತಾ ನೀರನ್ನು ಒಲೆಗೆ ಇಡಿ. ಪಕ್ಕದ ಒಲೆಯಲ್ಲಿ ಬಾಣಲೆಗೆ ಎರಡು ದೊಡ್ಡ ಚಮಚ ಎಣ್ಣೆ ಹಾಕಿ ತಲೆ, ಸಿಪ್ಪೆಯನ್ನು ಹುರಿಯಿರಿ. ಮೊದಲು ಎಣ್ಣೆ, ಆಮೇಲೆ ನೀರು. ಈ ಕ್ರಮ ಮುಖ್ಯ. ಹಸಿ ಸಿಗಡಿಯ ಸಿಪ್ಪೆಯಲ್ಲೂ ಕೆಂಪು ಬಣ್ಣ ಇದ್ದೇ ಇರುತ್ತದೆ. ಅದರ ಹೆಸರು ಅಸ್ಟಾಕ್ಸಾಂಥಿನ್. ಒಂದು ಪ್ರೋಟೀನು ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ ನಮಗೆ ಬೂದು ಬಣ್ಣ ಕಾಣುತ್ತದೆ. ಬಿಸಿ ತಾಗಿದಾಗ ಆ ಹಿಡಿತ ಬಿಟ್ಟು ಕೆಂಪು ಹೊರಗೆ ಬರುತ್ತದೆ. ಈ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಮೂರು ನಾಲ್ಕು ನಿಮಿಷಕ್ಕೆ ಸಿಪ್ಪೆಯೆಲ್ಲ ಕೆಂಪಾಗಿ, ಮನೆ ತುಂಬ ಸಿಗಡಿ ಹುರಿದ ಘಮ ಬರುತ್ತದೆ. ಆಗ ಸೌಟಿನ ಹಿಂಭಾಗದಿಂದ ತಲೆಗಳನ್ನು ಒತ್ತಿ. ಕಿತ್ತಳೆ ಬಣ್ಣದ ರಸ ಎಣ್ಣೆಗೆ ಇಳಿಯುವುದು ಕಾಣುತ್ತದೆ. ಒಂದೂವರೆ ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ. ಸಿಪ್ಪೆಯನ್ನು ಜರಡಿಯಲ್ಲಿ ಒತ್ತಿ ಹಿಂಡಿ, ಒಂದು ಹನಿಯೂ ಬಿಡಬೇಡಿ.

ಅಷ್ಟರಲ್ಲಿ ಪಾಸ್ತಾ ನೀರು ಕುದಿ ಬಂದಿರುತ್ತದೆ. ಸ್ಪಗೆಟ್ಟಿ ಇಲ್ಲವೇ ಲಿಂಗ್ವಿನಿಯಂಥ ಉದ್ದನೆಯ ಪಾಸ್ತಾ ಹಾಕಿ. ಪ್ಯಾಕೆಟ್ ಮೇಲೆ 10 ನಿಮಿಷ ಅಂತಿದ್ದರೆ ನೀವು ಎಂಟಕ್ಕೇ ತೆಗೆಯಬೇಕು. ಆ ಎಂಟು ನಿಮಿಷದಲ್ಲಿ ಸಾಸ್ ಆಗುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ ಹಾಕಿ ಸಿಗಡಿಯನ್ನು ಒಂದೊಂದಾಗಿ ಹರಡಿ. ಒಂದು ಮಗ್ಗುಲು ಒಂದು ನಿಮಿಷ, ಇನ್ನೊಂದು ಮಗ್ಗುಲು ಅದಕ್ಕಿಂತ ಕಡಿಮೆ. ನಡುವೆ ಇನ್ನೂ ಸ್ವಲ್ಪ ಹಸಿ ಇದೆ ಅನ್ನಿಸುವಾಗಲೇ ತಟ್ಟೆಗೆ ತೆಗೆದಿಡಿ. ಹೆದರಬೇಡಿ, ಅದು ಮತ್ತೆ ಬಿಸಿಗೆ ಬರಲಿದೆ. ಗಸಿಯಲ್ಲಿ, ಸುಕ್ಕದಲ್ಲಿ ಸಿಗಡಿ ಸ್ವಲ್ಪ ಜಾಸ್ತಿ ಬೆಂದರೂ ತೆಂಗಿನಕಾಯಿ, ಮಸಾಲೆ ಕಾಪಾಡುತ್ತವೆ. ಇಲ್ಲಿ ಮುಚ್ಚಲು ಏನೂ ಇಲ್ಲ.

ಉರಿ ಸಣ್ಣ ಮಾಡಿ ಅದೇ ಬಾಣಲೆಗೆ ಇನ್ನೆರಡು ಚಮಚ ಆಲಿವ್ ಎಣ್ಣೆ, ತೆಳ್ಳಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ, ಮುರಿದ ಒಂದು ಒಣಮೆಣಸು. ಬೆಳ್ಳುಳ್ಳಿ ಒಗ್ಗರಣೆಯ ಹಾಗೆ ಕಂದು ಆಗಬಾರದು. ಅಂಚು ಹೊಂಬಣ್ಣ ಬಂತು ಅನ್ನುವಷ್ಟರಲ್ಲಿ ಹೆಚ್ಚಿದ ಒಂದು ಹಣ್ಣು ಟೊಮೆಟೊ ಹಾಕಿ, ಸೋಸಿಟ್ಟ ಸಿಗಡಿ ರಸ ಸುರಿದು ಅರ್ಧಕ್ಕೆ ಇಳಿಸಿ. ಪಾಸ್ತಾವನ್ನು ಬಸಿಯಬೇಡಿ, ಇಕ್ಕಳದಲ್ಲಿ ಎತ್ತಿ ನೇರ ಬಾಣಲೆಗೆ ಹಾಕಿ. ಒಂದು ಸೌಟು ಗಂಜಿ ನೀರು ಸೇರಿಸಿ. ಈಗ ಉರಿ ಜೋರು. ಎರಡು ನಿಮಿಷ ಬಿಡದೆ ತಿರುವುತ್ತಾ, ಬಾಣಲೆ ಅಲ್ಲಾಡಿಸುತ್ತಾ ಇರಿ. ಈ ಎರಡು ನಿಮಿಷದಲ್ಲಿ ಫೋನ್ ಬಂದರೆ ಎತ್ತಬೇಡಿ. ತಳದಲ್ಲಿ ನೀರು ಓಡಾಡುವುದು ನಿಂತು, ಪಾಸ್ತಾ ಪಕ್ಕಕ್ಕೆ ಸರಿಸಿದರೆ ಸಾಸ್ ನಿಧಾನವಾಗಿ ಹರಿದು ಬರಬೇಕು. ಗಟ್ಟಿ ಅನ್ನಿಸಿದರೆ ಇನ್ನಷ್ಟು ಗಂಜಿ ನೀರು ಹಾಕಿ. ಸಿಗಡಿ, ಅದರ ತಟ್ಟೆಯಲ್ಲಿ ಕೂತ ರಸ ಎರಡನ್ನೂ ಸೇರಿಸಿ ಅರ್ಧ ನಿಮಿಷಕ್ಕೆ ಒಲೆ ಆರಿಸಿ. ಮೇಲೆ ಒಂದು ಚಮಚ ಹಸಿ ಆಲಿವ್ ಎಣ್ಣೆ, ಪಾರ್ಸ್ಲಿ, ನಾಲ್ಕು ಹನಿ ನಿಂಬೆ. ಇಟಲಿಯಲ್ಲಿ ಬಿಳಿ ವೈನ್ ಹಾಕುತ್ತಾರೆ. ಅದರ ಹುಳಿಯ ಜಾಗವನ್ನು ನಿಂಬೆ ತುಂಬುತ್ತದೆ, ಆದರೆ ಒಲೆ ಆರಿಸಿದ ಮೇಲೆಯೇ ಹಿಂಡಿ. ಪಾರ್ಸ್ಲಿ ಸಿಗದಿದ್ದರೆ ಕೊತ್ತಂಬರಿ ಸ್ವಲ್ಪವೇ ಸ್ವಲ್ಪ. ಕರಿಬೇವು ಬೇಡ, ಅದು ಬಂದರೆ ಬೇರೆ ಅಡುಗೆ ಆಗುತ್ತದೆ.

ಚೀಸಿನ ಬಗ್ಗೆ ಒಂದು ಮಾತು. ಮೀನು, ಸಿಗಡಿಯ ಪಾಸ್ತಾಗೆ ಚೀಸ್ ಹಾಕಬಾರದು ಅನ್ನುವುದು ಇಟಲಿಯಲ್ಲಿ ತುಂಬಾ ಜನ ಪಾಲಿಸುವ ರೂಢಿ. ಆದರೆ ಅಲ್ಲೂ ಎಲ್ಲ ಕಡೆ ಹಾಗಿಲ್ಲ. ಬಾರಿ ಊರಿನಲ್ಲಿ ಅಕ್ಕಿ, ಆಲೂಗಡ್ಡೆ, ನೀಲಿ ಚಿಪ್ಪಿ ಸೇರಿಸಿ ಮಾಡುವ ತಿಯೆಲ್ಲಾಗೆ ಪೆಕೊರಿನೊ ಚೀಸ್ ಹಾಕುತ್ತಾರೆ. ಅದಕ್ಕೇ ನಾನು ಇದನ್ನು ನಿಯಮ ಅಂತ ಹೇಳುವುದಿಲ್ಲ. ತಲೆ, ಸಿಪ್ಪೆಯ ರಸ ಹಾಕಿ ಒಂದು ಸಲ ಚೀಸ್ ಇಲ್ಲದೆ ತಿಂದು ನೋಡಿ ಅಂತಷ್ಟೇ ಕೇಳುತ್ತೇನೆ.

ಫ್ರೋಜನ್ ಸಿಗಡಿ ಆಗುತ್ತದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆಗ ಅದೇ ಗತಿ. ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿ. ಮರೆತಿದ್ದರೆ ಕವರ್ ಸಮೇತ ತಣ್ಣೀರಲ್ಲಿಡಿ, ಬಿಸಿನೀರು ಖಂಡಿತ ಬೇಡ. ಮೈಮೇಲಿನ ಮಂಜು ಕರಗಿದ ನೀರನ್ನು ಪೂರ್ತಿ ಒರೆಸದೆ ಬಾಣಲೆಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ. ನಿಮ್ಮ ತಟ್ಟೆಯ ನೀರಿಗೆ ಇದೂ ಒಂದು ಕಾರಣ ಇರಬಹುದು.

ಸಿಗಡಿ ಕೈಗೆ ಕೂತ ಮೇಲೆ ದಯವಿಟ್ಟು ಚಿಪ್ಪಿಕಲ್ಲಿನಲ್ಲೂ ಮಾಡಿ. ಮಂಗಳೂರು ಕಡೆ ಮರುವಾಯಿ, ಉತ್ತರ ಕನ್ನಡದಲ್ಲಿ ಬಳಚು. ನೇಪಲ್ಸಿನ ಸ್ಪಗೆಟ್ಟಿ ಅಲ್ಲೆ ವೊಂಗೊಲೆ ಅಂದರೆ ಇದೇ, ಕ್ರಿಸ್‌ಮಸ್ ಹಿಂದಿನ ರಾತ್ರಿ ಅಲ್ಲಿ ಮನೆಮನೆಯಲ್ಲಿ ಮಾಡುತ್ತಾರೆ. ಕುಮಟಾದ ನಮ್ಮ ಅತ್ತೆಯೊಬ್ಬರು ಬಳಚು ಬೇಯಿಸುವುದನ್ನು ನಾನು ಚಿಕ್ಕಂದಿನಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೇನೆ. ಉಪ್ಪು ನೀರಲ್ಲಿ ನೆನೆಹಾಕಿ ಮರಳು ಬಿಡಿಸುತ್ತಿದ್ದರು. ಆಮೇಲೆ ಪಾತ್ರೆಗೆ ಒಂದು ಹನಿ ನೀರೂ ಹಾಕದೆ ಮುಚ್ಚಿ ಒಲೆಗೇರಿಸುತ್ತಿದ್ದರು. ನಾಲ್ಕು ನಿಮಿಷಕ್ಕೆ ಒಳಗಿಂದ ಟಕ್ ಟಕ್ ಸದ್ದು. ಮುಚ್ಚಳ ತೆಗೆದರೆ ಎಲ್ಲ ಬಾಯಿಬಿಟ್ಟು, ತಳದಲ್ಲಿ ಬೂದಿ ಬಿಳುಪಿನ ನೀರು ನಿಂತಿರುತ್ತಿತ್ತು. ಅದನ್ನು ಲೋಟಕ್ಕೆ ಬಗ್ಗಿಸಿ, ಮರಳು ತಳಕ್ಕೆ ಕೂರುವವರೆಗೆ ಕಾದು, ಮೇಲಿನದನ್ನು ಮಾತ್ರ ಪದಾರ್ಥಕ್ಕೆ ಹಾಕಿ, ಕೊನೆಯ ಒಂದು ಚಮಚ ಅಂಗಳಕ್ಕೆ ಚೆಲ್ಲುತ್ತಿದ್ದರು. ಇಟಲಿಯ ಅಡುಗೆ ಕಲಿಯಲು ಹೊರಟಾಗ ವೊಂಗೊಲೆಗೆ ಹೇಳಿಕೊಟ್ಟದ್ದು ಅಕ್ಷರಶಃ ಅದೇ ಕ್ರಮ. ಅತ್ತೆಯ ಕೈ ಕಣ್ಣ ಮುಂದೆ ಬಂತು.

ವೊಂಗೊಲೆಗೆ ಇಟಲಿಯದೇ ಚಿಪ್ಪಿ ಬೇಕು ಅಂತ ಕೊರಗಬೇಡಿ. ಇವತ್ತು ಅಲ್ಲಿ ಬೆಳೆಸುವುದರಲ್ಲಿ ಬಹುಪಾಲು ಏಷ್ಯಾ ಮೂಲದ ಮನಿಲಾ ಚಿಪ್ಪಿ, ವೆನಿಸ್ಸಿನ ಹಿನ್ನೀರಿಗೆ ಅದನ್ನು ತಂದು ಬಿಟ್ಟದ್ದು 1983ರಲ್ಲಿ. ನಮ್ಮ ಅಘನಾಶಿನಿಯ ಅಳಿವೆಯಲ್ಲಿ ಸಿಗುವ ಬಳಚು ಯಾವುದಕ್ಕೂ ಕಡಿಮೆ ಇಲ್ಲ. ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಳಿವೆ ಅದು. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದಷ್ಟು ನೀರಿನಲ್ಲಿ ನಿಂತು ಚಿಪ್ಪಿ ಆರಿಸುವುದನ್ನು ಇಂದಿಗೂ ನೋಡಬಹುದು.

ತರುವಾಗ ಬಾಯಿ ಮುಚ್ಚಿರುವುದನ್ನೇ ತನ್ನಿ. ತೆರೆದಿದ್ದರೆ ಬೆರಳಲ್ಲಿ ತಟ್ಟಿ, ಮುಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ಎಸೆಯಿರಿ. ಬೆಂದ ಮೇಲೆಯೂ ಬಾಯಿ ಬಿಡದ್ದನ್ನು ತಿನ್ನಬೇಡಿ. ನೆನೆಸಲು ಲೀಟರ್ ನೀರಿಗೆ 30 ಗ್ರಾಂ ಉಪ್ಪು. ಸಿಹಿನೀರಲ್ಲಿ ನೆನೆಸಿದರೆ ಸತ್ತುಹೋಗುತ್ತವೆ. ಪಾಸ್ತಾ ನೀರಿಗೆ ಉಪ್ಪು ಅರ್ಧ ಸಾಕು, ಚಿಪ್ಪಿಯ ರಸವೇ ಉಪ್ಪು. ಬೊಂಡಾಸ್, ಅಂದರೆ ಸ್ಕ್ವಿಡ್, ಹಾಕುವುದಾದರೆ ಉಂಗುರ ಮಾಡಿ ಜೋರು ಉರಿಯಲ್ಲಿ ಎರಡು ನಿಮಿಷ ಅಷ್ಟೇ. ಮೀರಿದರೆ ಮತ್ತೆ ಮೆತ್ತಗಾಗಲು ಮುಕ್ಕಾಲು ಗಂಟೆ ಬೇಕು, ಅದು ವಾರದ ದಿನದ ಅಡುಗೆ ಅಲ್ಲ.

ಮನೆಗೆ ಬರುವವರಿಗೆ ಸಿಗಡಿ, ಚಿಪ್ಪಿಯ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಸಿಪ್ಪೆಯ ರಸ ಇಡೀ ಸಾಸಿನಲ್ಲಿ ಇರುವುದರಿಂದ ಸಿಗಡಿ ಪಕ್ಕಕ್ಕೆ ತೆಗೆದಿಟ್ಟು ತಿನ್ನುವ ಹಾಗಿಲ್ಲ. ಇನ್ನು ನೀವು ಘೀ ರೋಸ್ಟ್, ಗಸಿ ಮಾಡುವ ದಿನಗಳ ತಲೆ, ಸಿಪ್ಪೆಯನ್ನೂ ತೊಳೆದು ಡಬ್ಬಿಗೆ ತುಂಬಿ ಫ್ರೀಜರಿನಲ್ಲಿ ಇಟ್ಟುಕೊಳ್ಳಿ. ಎರಡು ಮೂರು ತಿಂಗಳು ಇರುತ್ತದೆ. ಜುಲೈ ತಿಂಗಳಲ್ಲಿ ಫ್ರೋಜನ್ ಸಿಗಡಿ ತಂದ ಸಂಜೆ ಆ ಡಬ್ಬಿ ಹೊರಗೆ ತೆಗೆಯಿರಿ.