ಹೆಸರು ಗೊತ್ತಿಲ್ಲದ ಗುರು: ಪಾಲ್ ಮೆಕಾರ್ಟ್ನಿ ಅವರ ಬೇಸ್ ಬದಲಾದ ಬಗೆ

ಹಾಡು ಕೇಳುವಾಗ ನಮ್ಮ ಕಿವಿ ಮೊದಲು ಹಿಡಿಯುವುದು ಗಾಯಕರ ದನಿ, ಆಮೇಲೆ ಗಿಟಾರು, ಡ್ರಮ್ಸು. ಬೇಸ್ ಗಿಟಾರಿನ ಸರದಿ ಕೊನೆಗೆ. ಫೋನಿನ ಸ್ಪೀಕರಿನಲ್ಲಂತೂ ಅದು ಕೇಳುವುದೇ ಇಲ್ಲ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಅವರಿಗೆ ಅದನ್ನು ಕೇಳಲು ಕಲಿಸಿದವರು ತಂದೆ ಜಿಮ್. ಹತ್ತಿ ವ್ಯಾಪಾರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಜಿಮ್, ಯೌವನದಲ್ಲಿ ಸ್ವಂತ ಜಾಝ್ ಬ್ಯಾಂಡ್ ಕಟ್ಟಿದ್ದವರು. ಲಿವರ್‌ಪೂಲ್‌ನ ಮನೆಯಲ್ಲಿ ರೇಡಿಯೋ ಹಾಡುತ್ತಿದ್ದರೆ, ಎಲ್ಲದರ ಕೆಳಗೆ ಗುಂಯ್‌ಗುಡುವ ಆ ದನಿಯೇ ಬೇಸ್ ಎಂದು ಮಗನಿಗೆ ತೋರಿಸಿಕೊಡುತ್ತಿದ್ದರು.

ಆದರೂ ಮಗ ಆಸೆಪಟ್ಟು ಬೇಸ್ ಹಿಡಿದವರಲ್ಲ. 1961ರಲ್ಲಿ ಬೀಟಲ್ಸ್ ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದಾಗ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಗೆಂದು ಬ್ಯಾಂಡ್ ಬಿಟ್ಟರು. ಉಳಿದವರಾರಿಗೂ ಆ ಕೆಲಸ ಬೇಡವಾಗಿತ್ತು. ಅದು ಪಾಲ್ ಹೆಗಲಿಗೆ ಬಿತ್ತು. ಅಲ್ಲಿಯೇ ಸುಮಾರು 30 ಪೌಂಡ್ ಕೊಟ್ಟು ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೊಂಡರು. ಅವರು ಎಡಚರು. ಈ ವಾದ್ಯದ ಎಡಬಲ ಒಂದೇ ಥರ ಇದ್ದದ್ದರಿಂದ ತಿರುಗಿಸಿ ಹಿಡಿದರೂ ವಿಕಾರವಾಗಿ ಕಾಣುತ್ತಿರಲಿಲ್ಲ.

ಮೊದಮೊದಲು ರಾಕ್ ಅಂಡ್ ರೋಲ್‌ನದೇ ಅನುಕರಣೆ. 1963ರ ಮೊದಲ ಆಲ್ಬಮ್ಮಿನ 'ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್' ಹಾಡಿನ ಬೇಸ್ ಅನ್ನು ಚಕ್ ಬೆರಿಯ ಹಾಡೊಂದರಿಂದ ಎತ್ತಿದ್ದಾಗಿ ಅವರೇ ಒಪ್ಪಿಕೊಂಡಿದ್ದಾರೆ. ಕಲಿಯುವವರೆಲ್ಲ ಹೀಗೆಯೇ ಕಲಿಯುವುದು, ಅದರಲ್ಲಿ ತಪ್ಪೇನೂ ಕಾಣದು.

ನಿಜವಾದ ತಿರುವು ಬಂದದ್ದು ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ರೆಕಾರ್ಡುಗಳಿಂದ. ಅವುಗಳಲ್ಲಿ ಬೇಸ್ ಬರೀ ತಾಳಕ್ಕೆ ಕಾವಲು ನಿಲ್ಲುತ್ತಿರಲಿಲ್ಲ. ಪೆಟ್ಟಿನ ಮುಂಚೆ, ಪೆಟ್ಟು ದಾಟಿ, ಹಾಡಿನೊಳಗೆ ಇನ್ನೊಂದು ಹಾಡಿನಂತೆ ಓಡಾಡುತ್ತಿತ್ತು. ನುಡಿಸುತ್ತಿದ್ದವರು ಜೇಮ್ಸ್ ಜೇಮರ್‌ಸನ್: ಜಾಝ್‌ನ ನಿಲ್ಲಿಸಿ ನುಡಿಸುವ ದೊಡ್ಡ ಬೇಸ್‌ನಲ್ಲಿ ಪಳಗಿ, ಬಲಗೈಯ ತೋರುಬೆರಳೊಂದರಲ್ಲೇ ತಂತಿ ಮೀಟುತ್ತಿದ್ದವರು. ಆದರೆ ಮೋಟೌನ್ ಆಗ ವಾದಕರ ಹೆಸರನ್ನು ಕವರಿನ ಮೇಲೆ ಅಚ್ಚು ಹಾಕುತ್ತಿರಲಿಲ್ಲ. ಜೇಮರ್‌ಸನ್ ತನ್ನ ಆರಾಧ್ಯ ವಾದಕ, ಆದರೆ ಆ ಹೆಸರು ತಿಳಿದದ್ದು ತುಂಬ ತಡವಾಗಿ ಎಂದು ಮೆಕಾರ್ಟ್ನಿ ಹೇಳಿದ್ದಾರೆ. ಏಕಲವ್ಯನಿಗೆ ಮಣ್ಣಿನ ಮೂರ್ತಿಯಾದರೂ ಇತ್ತು. ಇವರ ಮುಂದೆ ಇದ್ದದ್ದು ತಿರುಗುವ ರೆಕಾರ್ಡು ಮಾತ್ರ.

1965ರ 'ರಬ್ಬರ್ ಸೋಲ್' ಆಲ್ಬಮ್ಮಿನ ಹೊತ್ತಿಗೆ ಪ್ರಭಾವಗಳು ಬೆರೆಯತೊಡಗಿದ್ದವು. 'ಡ್ರೈವ್ ಮೈ ಕಾರ್' ಹಾಡಿಗೆ ಓಟಿಸ್ ರೆಡ್ಡಿಂಗ್ ಅವರ 'ರೆಸ್ಪೆಕ್ಟ್' ಹಾಡಿನ ನಡೆಯನ್ನು ಸೂಚಿಸಿದವರು ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. 'ಮಿಶೆಲ್' ಹಾಡಿನ ಬೇಸ್‌ಗೆ ಮೆಕಾರ್ಟ್ನಿ ನೆನೆಯುವುದು ಫ್ರೆಂಚ್ ಒಪೆರಾ ಸಂಯೋಜಕ ಬಿಜೆಯನ್ನು.

ದನಿಯ ಗಾತ್ರವೂ ಅವರನ್ನು ಕಾಡುತ್ತಿತ್ತು. ಬೇಸ್ ಜೋರಾದರೆ ಗ್ರಾಮಫೋನಿನ ಮುಳ್ಳು ಹಾರೀತೆಂದು ಇಂಗ್ಲೆಂಡಿನ ಎಂಜಿನಿಯರರು ಅದನ್ನು ತಗ್ಗಿಸುತ್ತಿದ್ದರು; ಅಮೆರಿಕದ ರೆಕಾರ್ಡುಗಳಲ್ಲಿ ಅದು ತುಂಬಿ ಬರುತ್ತಿತ್ತು. 1966ರ ಏಪ್ರಿಲ್‌ನಲ್ಲಿ 'ಪೇಪರ್‌ಬ್ಯಾಕ್ ರೈಟರ್' ಹಾಡನ್ನು ಧ್ವನಿಮುದ್ರಿಸುವಾಗ ಮೆಕಾರ್ಟ್ನಿ ರಿಕನ್‌ಬ್ಯಾಕರ್ ಬೇಸ್ ಹಿಡಿದರು, ರೆಕಾರ್ಡಿಂಗ್ ಎಂಜಿನಿಯರ್ ಜೆಫ್ ಎಮರಿಕ್ ಮೈಕಿನ ಬದಲು ಒಂದು ಲೌಡ್‌ಸ್ಪೀಕರನ್ನೇ ಮೈಕಾಗಿ ಇಟ್ಟರು. ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಿನ 'ಪೆಟ್ ಸೌಂಡ್ಸ್' ಆಲ್ಬಮ್ ಹೊರಬಂದದ್ದು ಮರುತಿಂಗಳು. ಮೆಕಾರ್ಟ್ನಿ ಅವರ ಬೇಸ್ ಅರಳಿದ್ದೆಲ್ಲ 'ಪೆಟ್ ಸೌಂಡ್ಸ್'ನಿಂದಲೇ ಎಂಬ ಮಾತನ್ನು ನಾನು ಒಪ್ಪದಿರುವುದು ಈ ತಾರೀಖುಗಳಿಂದಾಗಿ.

'ಪೆಟ್ ಸೌಂಡ್ಸ್' ಕೊಟ್ಟದ್ದು ಬೇರೆಯದೇ ಪಾಠ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ: ಮೇಲಿನ ವಾದ್ಯಗಳು ಸ-ಗ-ಪ ಒಟ್ಟಿಗೆ ನುಡಿಸುತ್ತಿರುವಾಗ ಬೇಸ್ 'ಸ' ಹಿಡಿಯುವುದು ವಾಡಿಕೆ. ಬೀಚ್ ಬಾಯ್ಸ್‌ನ ಸಂಯೋಜಕ ಬ್ರಯಾನ್ ವಿಲ್ಸನ್ ಅಲ್ಲಿ 'ಪ' ಇಟ್ಟರು. ಮೇಲೆ ಒಂದು ಸ್ವರವೂ ಕದಲದೆ ಇಡೀ ಹಾಡು ತೇಲಿದಂತೆ, ಎಲ್ಲೋ ಹೋಗಬೇಕೆಂದು ಕಾದಂತೆ ಕೇಳಿಸುತ್ತದೆ. ಬೇಸ್ ವಾದಕನ ಕೈಯಲ್ಲಿ ಎಷ್ಟು ಬಲವಿದೆಯೆಂದು ಅರಿವಾದದ್ದು ಆಗಲೇ ಎನ್ನುತ್ತಾರೆ ಮೆಕಾರ್ಟ್ನಿ. 1967ರ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಹಲವು ಹಾಡುಗಳಿಗೆ ಅವರು ಉಳಿದೆಲ್ಲ ಮುಗಿದ ಮೇಲೆ, ಪ್ರತ್ಯೇಕ ಟ್ರ್ಯಾಕಿನಲ್ಲಿ ಬೇಸ್ ಸೇರಿಸಿದರು. ಹಾಡು ಎದುರಿಗಿಟ್ಟುಕೊಂಡು ಅದಕ್ಕೆ ಉತ್ತರ ಕೊಡುವ ಕೆಲಸ ಅದು. 'ಲೂಸಿ ಇನ್ ದ ಸ್ಕೈ' ಹಾಡನ್ನು ಇಯರ್‌ಫೋನ್ ಹಾಕಿಕೊಂಡು, ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ.

1970ರ ದಶಕದಲ್ಲಿ, ಬೀಟಲ್ಸ್ ಒಡೆದ ಮೇಲೆ ಅವರು ಕಟ್ಟಿದ ವಿಂಗ್ಸ್ ಬ್ಯಾಂಡಿನೊಂದಿಗೆ ಡಿಸ್ಕೋದ ಗಾಳಿಯೂ ಬೀಸಿತು. 1976ರ 'ಸಿಲ್ಲಿ ಲವ್ ಸಾಂಗ್ಸ್' ಹಾಡಿನಲ್ಲಿ ಬೇಸ್ ಮುಂದಿನ ಸಾಲಿಗೇ ಬಂದು ಕೂತಿದೆ. 1980ರ ದಶಕದ ಕೊನೆಗೆ ಗಾಯಕ ಎಲ್ವಿಸ್ ಕಾಸ್ಟೆಲೋ ಒತ್ತಾಸೆಯಿಂದ ಮೂಲೆಗಿಟ್ಟಿದ್ದ ಹಾಫ್ನರ್ ಮತ್ತೆ ಕೈಗೆ ಬಂತು.

ಇತ್ತ ಜೇಮರ್‌ಸನ್ ಹೆಸರು ಮೋಟೌನ್‌ನ ದೊಡ್ಡ ಆಲ್ಬಮ್ ಒಂದರ ಮೇಲೆ ಅಚ್ಚಾಗಲು 1971 ಬರಬೇಕಾಯಿತು. ಅದು ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್'. 1983ರಲ್ಲಿ ಜೇಮರ್‌ಸನ್ ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಕ್ಕವಾದ್ಯದವರಿಗೆಂದು ಪ್ರತ್ಯೇಕ ಸಾಲು ತೆರೆದು ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ, ಅವರು ಸತ್ತು ಹದಿನೇಳು ವರ್ಷಗಳಾದ ಮೇಲೆ.